ಕೈಗುಣ

ಚಿಕ್ಕೋಡಿಯಲ್ಲಿ ನಮ್ಮ ಕಾಕಾನ ಅಂಗಡಿ ಇದೆ. ಝೆರಾಕ್ಸ್, ಡಿಟಿಪಿ, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ. ಬೆಳಿಗ್ಗೆ ಮೊದಲ ಬಸ್ಸಿಗೆ ಇಳಿಯುವ ಕಾಲೇಜು ಹುಡುಗರು, ಹತ್ತರ ಮೇಲೆ ಕೋರ್ಟಿಗೆ ಬಂದ ಪಕ್ಷಗಾರರು, ಮದುವೆ ಸೀಜನ್ನಿನಲ್ಲಿ ಲಗ್ನಪತ್ರಿಕೆಯ ಕರಡು ಹಿಡಿದು ಬರುವ ಹಿರಿಯರು. ಅರ್ಧ ಕೆಲಸ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ. ಅಂಗಡಿಯ ಮೂಲೆಯ ಮೇಜಿನ ಕೆಳಗೆ 2007ರಲ್ಲಿ ಜೋಡಿಸಿದ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ನಾನು ಈಗ ಬರೆಯುತ್ತಿರುವುದು ಅದರ ಬಗ್ಗೆ, ಮತ್ತು ಅದರ ಕಾರಣಕ್ಕೆ ಕೆಲಸ ಕಳೆದುಕೊಂಡ ಒಬ್ಬ ಹುಡುಗನ ಬಗ್ಗೆ. ಹುಡುಗನ ಹೆಸರು ಇಲ್ಲಿ ಬೇಡ.

ಹದಿನೈದು ವರ್ಷದ ಕಂಪ್ಯೂಟರನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ ಎಂದು ಕೇಳುವವರಿಗೆ ಕಾಕಾ ತೋರಿಸುವುದು ಅದರ ಬೆನ್ನಿಗೆ ಸಿಗಿಸಿರುವ ಬೆರಳುದ್ದದ ಒಂದು ಡಬ್ಬಿಯನ್ನು. ಅವರ ಮರಾಠಿ ಅಕ್ಷರಗಳ ತಂತ್ರಾಂಶ ಆ ಲಾಕ್ ಇದ್ದರೆ ಮಾತ್ರ ತೆರೆಯುತ್ತದೆ. ಲಾಕ್ ಹೋಗಿ ಕೂರುವುದು ಪ್ಯಾರಲಲ್ ಪೋರ್ಟಿಗೆ. ಈಗಿನ ಕಂಪ್ಯೂಟರುಗಳಲ್ಲಿ ಆ ಪೋರ್ಟ್ ಇರುವುದಿಲ್ಲ. ಕನ್ನಡದ ಹಳೆಯ ಕಡತಗಳೆಲ್ಲ ಯೂನಿಕೋಡ್ ಬರುವ ಮುಂಚಿನ ನುಡಿ ಅಕ್ಷರಗಳಲ್ಲಿವೆ. ಬೇರೆ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಅದಕ್ಕಾದರೂ ಪರಿವರ್ತಕಗಳಿವೆ, ಲಾಕಿಗೆ ಏನೂ ಇಲ್ಲ. ಹಾಗಾಗಿ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲಿನಲ್ಲಿ ಬೆಂಬಲ ನಿಲ್ಲಿಸಿದ ಮೇಲೂ ಇದು ಎಕ್ಸ್‌ಪಿಯಲ್ಲೇ ಇದೆ. ಇಂಟರ್ನೆಟ್ ಕೊಟ್ಟಿಲ್ಲ, ಆ ಕೆಲಸಕ್ಕೆ ಬೇರೆ ಲ್ಯಾಪ್‌ಟಾಪ್ ಇದೆ. ಹಾರ್ಡ್‌ಡಿಸ್ಕ್ ಎರಡು ಸಲ ಬದಲಾಗಿದೆ, ಪ್ರೊಸೆಸರ್ ಮೇಲಿನ ಫ್ಯಾನ್ ಮೂರು ಸಲ, ಡಬ್ಬದಂಥ ಮಾನಿಟರ್ ಹೋಗಿ ಚಪ್ಪಟೆಯದು ಬಂದಿದೆ. ಇಷ್ಟೆಲ್ಲ ಬದಲಾದ ಮೇಲೂ ಇದು ಅದೇ ಕಂಪ್ಯೂಟರೇ ಎಂಬ ಪ್ರಶ್ನೆಯನ್ನು ತತ್ವಶಾಸ್ತ್ರದ ಮೊದಲ ತರಗತಿಗಳಲ್ಲಿ ಒಂದು ಹಡಗಿನ ಹೆಸರಿನಲ್ಲಿ ಕಲಿಸುತ್ತಾರೆ. ನಾನೂ ಕಲಿತೆ, ಈಗ ಧಾರವಾಡದಲ್ಲಿ ಸಂಶೋಧನೆ ಮಾಡುತ್ತ ಕಿರಿಯರಿಗೆ ಕಲಿಸಿಯೂ ಇದ್ದೇನೆ. ಈ ಕಂಪ್ಯೂಟರ್ ನನಗೆ ಕಲಿಸಿದ್ದು ಆ ಪ್ರಶ್ನೆಯನ್ನಲ್ಲ.

ಹುಡುಗ ಬಂದದ್ದು 2020ರ ಕೊನೆಗೆ. ವೇದಗಂಗಾ ದಂಡೆಯ ಒಂದು ಹಳ್ಳಿಯವನು. 2019ರ ಆಗಸ್ಟಿನ ಪ್ರವಾಹದಲ್ಲಿ, ಯಮಗರ್ಣಿ ಹತ್ತಿರ ಹೆದ್ದಾರಿಯ ಮೇಲೇ ನೀರು ನಿಂತ ಆ ಪ್ರವಾಹದಲ್ಲಿ, ಅವರ ಮಣ್ಣಿನ ಮನೆ ಬಿತ್ತು. ತಾಯಿ ಮಗ ನಿಪ್ಪಾಣಿಯಲ್ಲಿ ಒಂದು ಕೋಣೆ ಹಿಡಿದರು. ಪಿಯುಸಿ ಅರ್ಧಕ್ಕೆ ಬಿಟ್ಟಿದ್ದ. ಮನೆಮಾತು ಮರಾಠಿ, ಆರು ತಿಂಗಳೊಳಗೆ ಕನ್ನಡ ಟೈಪಿಂಗನ್ನೂ ಕೈವಶ ಮಾಡಿಕೊಂಡ. ದಿನಾ ನಿಪ್ಪಾಣಿಯಿಂದ ಬಸ್ಸಿಗೆ ಬಂದು ಏಳೂವರೆಗೆ ಅಂಗಡಿ ತೆರೆಯುವವನು ಅವನೇ. ಕಾಕಾ ಪೂಜೆ, ನಾಷ್ಟಾ ಮುಗಿಸಿ ಬರುವುದು ಹತ್ತೂವರೆ.

2021ರ ದೀಪಾವಳಿಗೆ ನಾನು ಊರಿಗೆ ಬಂದಾಗ ಕಂಪ್ಯೂಟರ್ ಹಠ ಹಿಡಿಯಲು ಶುರುಮಾಡಿತ್ತು. ಹುಡುಗ ಬೆಳಿಗ್ಗೆ ಮೇನ್ ಸ್ವಿಚ್ ಹಾಕಿ ಕ್ಯಾಬಿನೆಟ್ಟಿನ ಬಟನ್ ಒತ್ತಿದರೆ ಫ್ಯಾನ್ ಒಮ್ಮೆ ಕುತ್ತಿಗೆ ಕೊಂಕಿಸಿದ ಹಾಗೆ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಮತ್ತೆ ಒತ್ತಿದರೆ ಮತ್ತೆ ಅಷ್ಟೇ. ಹತ್ತೂವರೆಗೆ ಕಾಕಾ ಬಂದು, "ಸರಿ ಅತ್ತಾಗ" ಎಂದು ಒತ್ತಿದರೆ ಒಂದೇ ಒತ್ತಿಗೆ ಶುರು. ಮೊದಲ ವಾರ ಇದೊಂದು ತಮಾಷೆ. ಎರಡನೇ ವಾರ ಒಬ್ಬ ವಕೀಲರ ಕೆಲಸ ತಡವಾಯಿತು, ತಮಾಷೆ ಕಡಿಮೆಯಾಯಿತು. ಕಾಕಾ ಅಂದರು, "ಇವನ ಕೈಗುಣಾನ ಸರಿಯಿಲ್ಲ ನೋಡವ್ವಾ."

ನಮ್ಮ ಕಡೆ ಕೈಗುಣ ಎಂಬುದು ಸಣ್ಣ ಮಾತಲ್ಲ. ಡಾಕ್ಟರಿಗೆ ಕೈಗುಣ ಇರುತ್ತದೆ, ಬಿತ್ತುವವನಿಗೆ ಇರುತ್ತದೆ, ಉಪ್ಪಿನಕಾಯಿ ಹಾಕುವ ಅಜ್ಜಿಗೆ ಇರುತ್ತದೆ. ಇದ್ದರೆ ಯಾಕಿದೆ ಎಂದು ಯಾರೂ ಕೇಳುವುದಿಲ್ಲ, ಇಲ್ಲದಿದ್ದರೂ ಕೇಳುವುದಿಲ್ಲ. ಕೇಳಬೇಕು ಎಂದು ನನಗನ್ನಿಸಿತು. ನಾನು ತರ್ಕ ಓದಿದವಳು. ಕಾಕಾನಿಗೆ ಹೇಳಿದೆ: ಹಾಗೆಲ್ಲ ಒಬ್ಬರ ಮೇಲೆ ಹೊರಿಸಬಾರದು, ಬರೆದಿಡೋಣ, ಪುರಾವೆ ಏನು ಹೇಳುತ್ತದೋ ನೋಡೋಣ. ಒಂದು ನೂರು ಪುಟದ ನೋಟ್‌ಬುಕ್ ತೆಗೆದು ನಾನೇ ಗೆರೆ ಎಳೆದೆ. ದಿನಾಂಕ. ಒತ್ತಿದವರು ಯಾರು. ಮೊದಲ ಒತ್ತಿಗೆ ಶುರುವಾಯಿತೇ. ಮೂರು ಕಾಲಂ. ನಾಲ್ಕನೆಯದನ್ನು ನಾನು ಎಳೆಯಲಿಲ್ಲ.

26 ದಿನದ ಲೆಕ್ಕ ನನ್ನ ಮುಂದಿದೆ. ಹುಡುಗ ಒತ್ತಿದ್ದು 21 ಬೆಳಿಗ್ಗೆ. ಅದರಲ್ಲಿ 18 ಸಲ ಶುರುವಾಗಿಲ್ಲ. ಕಾಕಾ ಒತ್ತಿದ್ದು 14 ಸಲ. ಹದಿನಾಲ್ಕೂ ಸಲ ಶುರುವಾಗಿದೆ. ರವಿವಾರ ಹುಡುಗನಿಗೆ ರಜೆ, ಕಾಕಾನೇ ಹನ್ನೊಂದಕ್ಕೆ ಬಂದು ತೆರೆಯುವುದು. ಒಂದು ರವಿವಾರವೂ ತೊಂದರೆಯಿಲ್ಲ.

ಇಂಥ ಪುರಾವೆಗೆ ನಮ್ಮ ನೈಯಾಯಿಕರು ಅನ್ವಯ ವ್ಯತಿರೇಕ ಎನ್ನುತ್ತಾರೆ. ಇದು ಇದ್ದಾಗ ಅದು ಇದೆ, ಇದು ಇಲ್ಲದಾಗ ಅದು ಇಲ್ಲ. ಹಾಗಿದ್ದರೆ ಇದು ಅದಕ್ಕೆ ಕಾರಣ. ಜಾನ್ ಸ್ಟುಅರ್ಟ್ ಮಿಲ್ 1843ರಲ್ಲಿ ಇದನ್ನೇ ಬೇರೆ ಹೆಸರುಗಳಲ್ಲಿ ವಿಧಾನಗಳಾಗಿ ಬರೆದ. ಕಂಪ್ಯೂಟರ್ ರಿಪೇರಿಯವರು ಯಾವ ಹೆಸರೂ ಇಲ್ಲದೆ ದಿನಾ ಇದನ್ನೇ ಮಾಡುತ್ತಾರೆ: ಒಂದು ಭಾಗ ತೆಗೆ, ಒಳ್ಳೆಯದೆಂದು ಗೊತ್ತಿರುವ ಇನ್ನೊಂದನ್ನು ಹಾಕು, ತೊಂದರೆ ಹೋಯಿತೇ ನೋಡು. ನನ್ನ ನೋಟ್‌ಬುಕ್ ಆ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದಿತ್ತು. ಹುಡುಗ ಇದ್ದಾಗ ತೊಂದರೆ ಇದೆ, ಇಲ್ಲದಾಗ ಇಲ್ಲ.

ಕೈಗುಣ ಎಂದು ನಾನಂತೂ ಹೇಳಲಿಲ್ಲ. ನಾನು ಹೇಳಿದ್ದು ಅದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ನಂಬುವಂತಿತ್ತು. "ಇವ ಬಟನ್ ಪಟಪಟ ಒತ್ತತಾನ ಅನಸ್ತದ ಕಾಕಾ, ಅದಕ್ಕ ಏನೋ ಹಾಳಾಗಿರಬೇಕು" ಎಂದೆ. ರಿಪೇರಿಯವರಿಗೆ ಫೋನ್ ಮಾಡಿದೆವು. ಅವರು ರಾಯಬಾಗದ ಕಡೆಯವರು. ಉಗಾರ, ಕಾಗವಾಡ, ಅಥಣಿಯವರೆಗೆ ಬೈಕಿನ ಮೇಲೆ ಓಡಾಡಿ ಕೆಲಸ ಮಾಡುತ್ತಾರೆ. (ಕ್ಯಾಬಿನೆಟ್ ತೆರೆದರೆ ಸಾಕು, ಯಾವ ಊರಿನದೆಂದು ಹೇಳಬಲ್ಲೆ ಎನ್ನುತ್ತಾರೆ ಅವರು. ಸಕ್ಕರೆ ಕಾರ್ಖಾನೆ ಸಮೀಪದ್ದಾದರೆ ಒಳಗೆ ಚಿಮಣಿಯ ಕಪ್ಪು ಬೂದಿ, ನಿಪ್ಪಾಣಿಯದಾದರೆ ತಂಬಾಕಿನ ಘಾಟು.) ಅವರು ಬಂದದ್ದು ಮಧ್ಯಾಹ್ನ ಒಂದಕ್ಕೆ. ಆಗ ಕಂಪ್ಯೂಟರ್ ಮುದ್ದಾಗಿ ನಡೆಯುತ್ತಿತ್ತು. ರ್‍ಯಾಮ್ ತೆಗೆದು ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದರು, ಮದರ್‌ಬೋರ್ಡಿನ ಗುಂಡಿಯಂಥ ಬ್ಯಾಟರಿ ಬದಲಿಸಿದರು. "ಕೆಟ್ಟಿದ್ದಾಗ ಕರೀರಿ, ಚಲೋ ಇದ್ದಾಗ ನಾ ಏನ್ ಹುಡಕಲಿ?" ಎಂದು ಹೋದರು. ಮರುದಿನ ಬೆಳಿಗ್ಗೆ ಮತ್ತೆ ಅದೇ. ಫೋನಿನಲ್ಲಿ, ರ್‍ಯಾಮ್ ಹೋಗಿರಬಹುದು ನೋಡ್ರಿ ಎಂದರು. ಆ ಕಾಲದ ಡಿಡಿಆರ್ 2 ರ್‍ಯಾಮ್ ಹೊಸದಾಗಿ ಸಿಗುವುದಿಲ್ಲ. ಕೊಲ್ಹಾಪುರದಿಂದ ಹಳೆಯದನ್ನೇ ತರಿಸಿದರು, 600 ರೂಪಾಯಿ. ಆ ಆರುನೂರನ್ನು ಕಾಕಾ ಹುಡುಗನ ಪಗಾರದಲ್ಲಿ ಹಿಡಿದರು. ಪಟಪಟ ಒತ್ತಿ ಹಾಳು ಮಾಡಿದವನು ಅವನಲ್ಲವೇ.

ಹೊಸ ರ್‍ಯಾಮ್ ಹಾಕಿದ ಮೇಲೂ ಬೆಳಿಗ್ಗೆ ಶುರುವಾಗಲಿಲ್ಲ. 2022ರ ಜನವರಿ ಕೊನೆಗೆ ಕಾಕಾ ಅವನನ್ನು ಬಿಡಿಸಿದರು. ಜಗಳವೇನೂ ಆಗಲಿಲ್ಲ. "ನಿನಗ ಬ್ಯಾರೆ ಕಡೆ ಚಲೋ ಆಗ್ತದ ತಗೋ" ಎಂದರಂತೆ. ನಾನು ಆಗ ಧಾರವಾಡಕ್ಕೆ ಹೋಗಿಯಾಗಿತ್ತು. ಫೋನಿನಲ್ಲಿ ಕಾಕಾ ಹೇಳಿದಾಗ, ಛೇ ಎಂದೆ. ಅಷ್ಟೇ ಎಂದೆ.

ಅವನ ಜಾಗಕ್ಕೆ ಯಾರನ್ನೂ ಇಡಲಿಲ್ಲ. ಕಾಕಾನ ಮಗಳು ಕಾಲೇಜು ಮುಗಿಸಿ ಹನ್ನೊಂದಕ್ಕೆ ಬಂದು ತೆರೆಯತೊಡಗಿದಳು. ಫೆಬ್ರವರಿ ಬಂತು, ಚಳಿ ಹೋಯಿತು. ಕಂಪ್ಯೂಟರ್ ಒಂದು ದಿನವೂ ಕೈಕೊಡಲಿಲ್ಲ. ಇಡೀ ಬೇಸಿಗೆ, ಇಡೀ ಮಳೆಗಾಲ. ಹುಡುಗನನ್ನು ತೆಗೆದೆವು, ತೊಂದರೆ ಹೋಯಿತು. ಇದಕ್ಕಿಂತ ಸ್ವಚ್ಛವಾದ ಪುರಾವೆಯನ್ನು ನಾನು ಯಾವ ತರ್ಕದ ಪುಸ್ತಕದಲ್ಲೂ ಕಂಡಿಲ್ಲ.

ಆಮೇಲೆ 2022ರ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಏಳೂವರೆಗೆ ಕಾಕಾನ ಫೋನ್. ಯಾರದೋ ತುರ್ತು ಅರ್ಜಿಗೆಂದು ಅವತ್ತು ಅವರೇ ಬೇಗ ಹೋಗಿ ಅಂಗಡಿ ತೆರೆದಿದ್ದರು. "ಯವ್ವಾ, ಇವತ್ತ ನನ್ನ ಕೈಲಿಂದನೂ ಸುರು ಆಗವಲ್ದು."

ಆ ವಾಕ್ಯ ಕೇಳಿ ನಾನು ಹಾಸಿಗೆಯ ಮೇಲೆ ಎದ್ದು ಕೂತೆ. ಅವರಿಗೆ ಮೇನ್ ಸ್ವಿಚ್ ಆರಿಸಿಬಿಡಿ, ಇನ್ನು ಒತ್ತಬೇಡಿ ಎಂದೆ. ರಾಯಬಾಗದವರಿಗೆ ಫೋನ್ ಮಾಡಿ, ಕೆಟ್ಟಿದೆ, ಕೆಟ್ಟಿರುವಾಗಲೇ ಬನ್ನಿ, ನಾಳೆ ಬೆಳಿಗ್ಗೆ ಎಂಟರೊಳಗೆ ಎಂದು ಕೇಳಿಕೊಂಡೆ. ರಾತ್ರಿಯ ಬಸ್ಸಿಗೆ ನಾನೂ ಬಂದೆ.

ಅವರು ತಮ್ಮ ಚೀಲದಿಂದ ಒಂದು ಪವರ್ ಸಪ್ಲೈ ತೆಗೆದರು, ಎಸ್ಎಂಪಿಎಸ್ ಎನ್ನುತ್ತಾರಲ್ಲ, ಅದು. ಕಂಪ್ಯೂಟರಿಗೆ ಸಿಗಿಸಿ ಒತ್ತಿದರು. ಒಂದೇ ಒತ್ತಿಗೆ ಶುರು. ಮತ್ತೆ ಹಳೆಯದನ್ನು ಸಿಗಿಸಿದರು. ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಪಕ್ಕದ ಬ್ಯೂಟಿ ಪಾರ್ಲರಿನವರ ಮನೆಗೆ ನನ್ನನ್ನು ಕಳಿಸಿ ಹೇರ್ ಡ್ರೈಯರ್ ತರಿಸಿದರು. ಹಳೆಯ ಎಸ್ಎಂಪಿಎಸ್ಸಿನ ಜಾಲರಿಗೆ ಐದು ನಿಮಿಷ ಬಿಸಿ ಗಾಳಿ ಹಿಡಿದು ಒತ್ತಿದರು. ಶುರುವಾಯಿತು.

ಆ ಉಕ್ಕಿನ ಪೆಟ್ಟಿಗೆಯನ್ನು ತಕ್ಷಣ ತೆರೆಯಬಾರದು. ವೈರ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಕೂತಿರುತ್ತದೆ. ಚಹಾ ಕುಡಿದು, ಆ ಚಾರ್ಜ್ ಇಳಿಸಿ, ಆಮೇಲೆ ತೆರೆದರು. ಒಳಗೆ, ಪೆನ್ನಿನ ಟೊಪ್ಪಿಗೆಯಷ್ಟು ಗಾತ್ರದ ಮೂರು ಕೆಪ್ಯಾಸಿಟರುಗಳ ತಲೆ ಉಬ್ಬಿತ್ತು, ಒಂದರ ಬುಡದಲ್ಲಿ ಕಂದು ಬಣ್ಣದ ಒಸರು. ಅವುಗಳ ಹೊಟ್ಟೆಯಲ್ಲಿರುವುದು ಒಂದು ದ್ರವ. ವರ್ಷಗಳ ಕಾವಿಗೆ ಅದು ಮೆಲ್ಲಗೆ ಒಣಗುತ್ತದೆ. ಒಣಗಿದ್ದು ಚಳಿಯಲ್ಲಿ ಇನ್ನೂ ಹಿಡಿದುಕೊಳ್ಳುತ್ತದೆ, ವಿದ್ಯುತ್ತಿನ ಏರಿಳಿತವನ್ನು ತಡೆಯಲಾರದು. ಅದನ್ನು ಕಂಡ ಕಾವಲು ಸರ್ಕೀಟು ತಕ್ಷಣ ಎಲ್ಲವನ್ನೂ ಆರಿಸಿಬಿಡುತ್ತದೆ. ಮೇನ್ ಸ್ವಿಚ್ ಹಾಕಿಟ್ಟರೆ, ಕಂಪ್ಯೂಟರ್ ಆನ್ ಆಗದಿದ್ದರೂ ಒಳಗೆ ಸ್ವಲ್ಪ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಎರಡು ಮೂರು ತಾಸಿನಲ್ಲಿ ಆ ಕೆಪ್ಯಾಸಿಟರುಗಳು ತಾವಾಗಿಯೇ ಬೆಚ್ಚಗಾಗುತ್ತವೆ. ಏಳೂವರೆಯಿಂದ ಹತ್ತೂವರೆ. ಅಂದರೆ ಅಷ್ಟು ದಿನ ಕಂಪ್ಯೂಟರನ್ನು ಕಾಕಾನ ಕೈಗುಣಕ್ಕೆ ಹದ ಮಾಡಿ ಇಡುತ್ತಿದ್ದವನು ಹುಡುಗನೇ. ರವಿವಾರ ಹನ್ನೊಂದರ ಹೊತ್ತಿಗೆ ಅಂಗಡಿಯ ತಗಡಿನ ಮೇಲೆ ಬಿಸಿಲು ಬಂದಿರುತ್ತಿತ್ತು, ಆ ಕೆಲಸವನ್ನು ಅದು ಮಾಡುತ್ತಿತ್ತು.

ಮೂರು ಕೆಪ್ಯಾಸಿಟರಿಗೆ ಇಪ್ಪತ್ತೈದು ರೂಪಾಯಿ ಆಯಿತು. ನಾನು ನೋಟ್‌ಬುಕ್ ತೆಗೆದು ನೋಡಿದೆ. ಎಷ್ಟು ಗಂಟೆಗೆ ಒತ್ತಿದ್ದು ಎಂಬ ಕಾಲಂ ಅದರಲ್ಲಿ ಇಲ್ಲ. ಹುಡುಗನ ಕೈಯಿಂದಲೂ ಮೂರು ಸಲ ಶುರುವಾಗಿತ್ತಲ್ಲ, ಆ ದಿನಗಳಲ್ಲಿ ಮೋಡ ಕವಿದು ರಾತ್ರಿ ಬೆಚ್ಚಗಿತ್ತೋ ಏನೋ, ಅದನ್ನೂ ಬರೆದಿಟ್ಟಿಲ್ಲ.

ಕುಂಬಾರನ ಕತ್ತೆಯ ಉದಾಹರಣೆ ತರ್ಕ ಓದಿದವರಿಗೆ ಗೊತ್ತಿರುತ್ತದೆ. ಗಡಿಗೆ ಆಗುವ ಮುಂಚೆ ಮಣ್ಣು ಬೇಕು, ಚಕ್ರ ಬೇಕು, ಕೋಲು ಬೇಕು, ಕುಂಬಾರ ಬೇಕು. ಮಣ್ಣು ಹೊತ್ತು ತಂದ ಕತ್ತೆಯೂ ಗಡಿಗೆಗೆ ಮುಂಚೆ ಅಲ್ಲಿತ್ತು. ಆದರೆ ಕತ್ತೆ ಗಡಿಗೆಗೆ ಕಾರಣವಲ್ಲ, ಅದು ಅನ್ಯಥಾಸಿದ್ಧ. ಹದಿನೇಳನೇ ಶತಮಾನದ ವಿಶ್ವನಾಥ ತನ್ನ ಕಾರಿಕಾವಳಿಯಲ್ಲಿ ಇಂಥ ಅನ್ಯಥಾಸಿದ್ಧಗಳನ್ನು ಐದು ಬಗೆಯಾಗಿ ವಿಂಗಡಿಸುತ್ತಾನೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಅಂಗಡಿಯಲ್ಲಿ ಕಣ್ಣೆದುರೇ ಕತ್ತೆಯನ್ನು ಹಿಡಿದು ಕಾರಣ ಎಂದಾಗ ಅದು ನೆನಪಿಗೆ ಬರಲಿಲ್ಲ. ಈಗಲೂ ಹುಡುಗನಿಗೆ ಈ ಹೋಲಿಕೆ ಕೊಡುವಾಗ ನನಗೆ ಮುಜುಗರವಾಗುತ್ತದೆ. ಕತ್ತೆಯನ್ನು ಕಾರಣವಲ್ಲ ಎಂದು ಬಿಟ್ಟರೆ ಕತ್ತೆಗೆ ಏನೂ ಅನ್ನಿಸುವುದಿಲ್ಲ, ಕಾರಣ ಎಂದು ಹಿಡಿದರೂ ಅನ್ನಿಸುವುದಿಲ್ಲ.

ಇದನ್ನೆಲ್ಲ ಒಬ್ಬ ಹಿರಿಯ ಗೆಳತಿಗೆ ಹೇಳಿದಾಗ ಅವಳು ಸಮಾಧಾನ ಹೇಳಿದಳು. ನೀನು ಬೇಕೆಂದು ಮಾಡಲಿಲ್ಲ. ಇದ್ದ ಪುರಾವೆಯಿಂದ ಯಾರಾದರೂ ಅದೇ ತೀರ್ಮಾನಕ್ಕೆ ಬರುತ್ತಿದ್ದರು. ತಪ್ಪು ತಿಳುವಳಿಕೆ ಬೇರೆ, ತಪ್ಪು ಬೇರೆ. ಅವಳ ಮಾತಿನಲ್ಲಿ ಬಲವಿದೆ. ಮುಂದೆ ಏನು ಹೊರಬೀಳುತ್ತದೋ ಎಂದು ಕಾಯುತ್ತ ಕೂತರೆ ಯಾರೂ ಏನನ್ನೂ ನಿರ್ಧರಿಸುವಂತಿಲ್ಲ. ಆದರೂ ನನಗೆ ಅದು ಒಪ್ಪಿಗೆಯಾಗಲಿಲ್ಲ, ಎರಡು ಕಾರಣಕ್ಕೆ.

ಒಂದು, ರಿಪೇರಿಯವರು ಕೆಪ್ಯಾಸಿಟರ್ ಬೆಸುಗೆ ಹಾಕುತ್ತ ಆಡಿದ ಮಾತು. ಕಾಕಾ ಆ ಹಳೆಯ ರ್‍ಯಾಮನ್ನು ಡ್ರಾವರಿನಲ್ಲಿ ಇಟ್ಟಿದ್ದರು. ಅದನ್ನು ಕಂಡು ಅವರು, "ಇದನ್ನ ವಾಪಸ್ ಯಾಕ ಹಾಕಿಲ್ರಿ? ಬದಲಿ ಮಾಡಿದ್ರೂ ರೋಗ ಹೋಗಲಿಲ್ಲ ಅಂದ್ರ, ತಗದದ್ದ ಚಲೋ ಇತ್ತು ಅಂತ ಆತಲಾ" ಎಂದರು. ಇದು ಅವರ ಕಸುಬಿನ ನಿಯಮ. ಅನುಮಾನದ ಮೇಲೆ ತೆಗೆದ ಭಾಗವನ್ನು, ಅನುಮಾನ ಸುಳ್ಳಾದ ಕೂಡಲೇ ಅದರ ಜಾಗಕ್ಕೆ ಮರಳಿಸಬೇಕು. ಇಲ್ಲದಿದ್ದರೆ ಮುಂದಿನ ಪರೀಕ್ಷೆಯೂ ಕೆಡುತ್ತದೆ. ಹೊಸ ರ್‍ಯಾಮ್ ಹಾಕಿಯೂ ತೊಂದರೆ ಹೋಗದಿದ್ದಾಗ, ಹಳೆಯ ರ್‍ಯಾಮ್ ನಿರ್ದೋಷಿ ಎಂದು ತೀರ್ಮಾನವಾಗಿತ್ತು. ಅಲ್ಲಿಗೆ ಅದನ್ನು ಹಾಳುಮಾಡಿದ ಆರೋಪವೂ ಬೀಳಬೇಕಿತ್ತು, ಆರುನೂರು ರೂಪಾಯಿಯೂ ಹುಡುಗನಿಗೆ ಮರಳಬೇಕಿತ್ತು. ನಮಗೆ ಅವನ ಮೇಲಿನ ಅನುಮಾನ ಅದರಿಂದ ಕಡಿಮೆಯಾಗಲಿಲ್ಲ. ರ್‍ಯಾಮ್ ಅಲ್ಲದಿದ್ದರೆ ಇನ್ನೇನನ್ನೋ ಹಾಳು ಮಾಡಿರಬೇಕು ಎಂದುಕೊಂಡೆವು. ಇನ್ನೊಂದು ವಿಷಯ: ಭಾಗ ಬದಲಿಸಿ ನೋಡುವ ಪರೀಕ್ಷೆಗೆ ಒಳ್ಳೆಯದೆಂದು ಮೊದಲೇ ಗೊತ್ತಿರುವ ಒಂದು ಭಾಗ ಬೇಕು. ನಮ್ಮ ಪರೀಕ್ಷೆಯಲ್ಲಿ ಆ ಒಳ್ಳೆಯ ಭಾಗ ಕಾಕಾ. ಅವರನ್ನು ಏಳೂವರೆಗೆ ಕರೆದು ಒತ್ತಿಸಿ ನೋಡಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಅಂಗಡಿಯ ಮಾಲೀಕರನ್ನು ಯಾರು ಪರೀಕ್ಷೆಗೆ ಒಡ್ಡುತ್ತಾರೆ? ಹುಡುಗ ಮರಾಠಿಯವನು ಎಂಬ ಕಾರಣಕ್ಕೆ ಹೀಗಾಯಿತು ಎಂದು ನಾನು ಹೇಳಲಾರೆ, ನಮ್ಮ ಮನೆಯಲ್ಲೂ ಅರ್ಧ ಮಾತು ಮರಾಠಿಯೇ. ಅವನು ಪಗಾರದವನು, ಅಷ್ಟು ಸಾಕಾಗಿತ್ತು.

ಎರಡನೆಯ ಕಾರಣ ನನಗೆ ಇನ್ನೂ ಕಷ್ಟದ್ದು. 2021ರ ಆ ಮೊದಲ ವಾರದಲ್ಲೇ, ತಮಾಷೆ ಇನ್ನೂ ತಮಾಷೆಯಾಗಿದ್ದಾಗ, ಹುಡುಗ ಹೇಳಿದ್ದ: "ಕಾಕಾ, ಇದಕ ಥಂಡಿ ಹತ್ತೈತ್ರಿ." ಕಾಕಾ, "ಹಂಗಾರ ಕಷಾಯ ಮಾಡಿ ಕುಡಸು" ಎಂದಿದ್ದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕಿರಬೇಕು. ಹೇರ್ ಡ್ರೈಯರ್ ಹಿಡಿದುಕೊಂಡು ನಿಂತಾಗ ಆ ಮಾತು ನನಗೆ ಮೈಮೇಲೆ ನೀರು ಹೊಯ್ದ ಹಾಗೆ ನೆನಪಾಯಿತು. ಅಂದರೆ ಇದ್ದ ಪುರಾವೆಯಿಂದ ಯಾರಾದರೂ ಅದೇ ತೀರ್ಮಾನಕ್ಕೆ ಬರುತ್ತಿದ್ದರು ಎಂಬುದು ನಿಜವಲ್ಲ. ಸರಿಯಾದ ಉತ್ತರ ಪುರಾವೆಯ ಜೊತೆಗೇ ಬಂದಿತ್ತು, ಮೊದಲ ವಾರದಲ್ಲೇ. ನಾವು ಅದನ್ನು ಪುರಾವೆ ಎಂದು ಎಣಿಸಲಿಲ್ಲ.

ನ್ಯಾಯದರ್ಶನದಲ್ಲಿ ಶಬ್ದವೂ ಒಂದು ಪ್ರಮಾಣ, ಆಪ್ತನ ಮಾತು. ಆಪ್ತ ಎಂದರೆ ಯಾರು? ವಿಷಯವನ್ನು ನೇರವಾಗಿ ಕಂಡವನು, ಕಂಡಂತೆ ಹೇಳಬಯಸುವವನು. ವಾತ್ಸ್ಯಾಯನನ ಭಾಷ್ಯ ಇದರ ಮೇಲೆ ಒಂದು ಮಾತು ಸೇರಿಸುತ್ತದೆ: ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಯಾರು ಹೇಳುತ್ತಿದ್ದಾರೆ ಎಂಬುದು ಲೆಕ್ಕವಲ್ಲ, ಅವನಿಗೆ ಗೊತ್ತಿದೆಯೇ ಎಂಬುದು ಲೆಕ್ಕ. ಇಷ್ಟು ಹಳೆಯ ಪಠ್ಯದಲ್ಲಿ ಈ ಮಾತಿದೆ ಎಂದು ನಾನು ವಿಚಾರಸಂಕಿರಣವೊಂದರಲ್ಲಿ ಹೆಮ್ಮೆಯಿಂದ ಹೇಳಿದ್ದೇನೆ. ಮಿರಾಂಡಾ ಫ್ರಿಕರ್ 2007ರ ತಮ್ಮ ಪುಸ್ತಕದಲ್ಲಿ, ಹೇಳುವವನು ಯಾರೆಂಬುದನ್ನು ನೋಡಿ ಮಾತಿನ ತೂಕ ಇಳಿಸುವುದನ್ನು ಒಂದು ಬಗೆಯ ಅನ್ಯಾಯ ಎಂದೇ ಕರೆಯುತ್ತಾರೆ. ಅದನ್ನೂ ಓದಿದ್ದೆ. ಓದಿದ್ದರಿಂದ ನನ್ನ ನಗು ಒಂದು ಕ್ಷಣವೂ ತಡವಾಗಲಿಲ್ಲ. ಆ ನಗುವಿನಲ್ಲಿ ದ್ವೇಷವಿರಲಿಲ್ಲ, ಪ್ರೀತಿಯೇ ಇತ್ತು ಎನ್ನಬೇಕು. ಅವನು ಮಾತಾಡಿದ್ದು ಮೈಗೆ ಹತ್ತುವ ಥಂಡಿಯ ಭಾಷೆಯಲ್ಲಿ. ಅದೇ ಮಾತನ್ನು ರಿಪೇರಿಯವರು ಕೋಲ್ಡ್ ಸ್ಟಾರ್ಟ್ ಪ್ರಾಬ್ಲೆಮ್ ಎಂದಿದ್ದರೆ ನಾನು ತಲೆದೂಗುತ್ತಿದ್ದೆ.

ಕಾಕಾ ಎರಡು ದಿನ ಏನೂ ಮಾತಾಡಲಿಲ್ಲ. ಮೂರನೇ ದಿನ ಒಂದು ಲಕೋಟೆಯಲ್ಲಿ ಆರುನೂರು ರೂಪಾಯಿ ಹಾಕಿ ನನ್ನ ಕೈಗೆ ಕೊಟ್ಟು, "ನಿಪ್ಪಾಣಿಗೆ ಹೋಗಿ ಕೊಟ್ಟ ಬಾ. ಮತ್ತ ಬರ್ತಾನೇನ ಕೇಳು" ಎಂದರು. ನೀವೂ ಬನ್ನಿ ಎಂದೆ. ಅಂಗಡಿ ಯಾರು ನೋಡಬೇಕು ಎಂದರು.

ಹೊಸ ವರ್ಷದ ಮೊದಲ ರವಿವಾರ ಹೋದೆ. ಅವರ ಕೋಣೆ ಮೇಲ್ಮಾಳಿಗೆಯಲ್ಲಿ. ತಾಯಿ ಬಾಗಿಲ ಬೆಳಕಿಗೆ ಕೂತು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸುವುದು, ತಂಬಾಕು ಹಾಕುವುದು, ಸುತ್ತುವುದು, ದಾರ. ನನ್ನ ಜೊತೆ ಮಾತಾಡುವಾಗಲೂ ಕೈ ನಿಲ್ಲಲಿಲ್ಲ. ಹುಡುಗ ಈಗ ಕಾಗಲದ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಾನೆ. ಗಡಿ ದಾಟಿದರೆ ಅಲ್ಲೇ ಇದೆ. ಸ್ವಲ್ಪ ದಪ್ಪವಾಗಿದ್ದ.

ಲಕೋಟೆ ಕೊಟ್ಟು ಇದು ಯಾವ ದುಡ್ಡು ಎಂದು ಹೇಳಿದೆ. ತಾಯಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ, ಹಿಡಿದದ್ದರಲ್ಲೂ ಇಲ್ಲ, ಕೊಟ್ಟದ್ದರಲ್ಲೂ ಇಲ್ಲ. ಕಟ್ಟಿಕೊಟ್ಟ ಬೀಡಿಯಲ್ಲಿ ಒಂದಿಷ್ಟನ್ನು ಸರಿಯಿಲ್ಲ ಎಂದು ಬದಿಗೆ ತೆಗೆದು ದುಡ್ಡು ಮುರಿಯುವುದು ಅವರ ವಾರದ ಅನುಭವ. ಯಾಕೆ ಸರಿಯಿಲ್ಲ ಎಂದು ಕೇಳುವ ರೂಢಿ ಅಲ್ಲಿಲ್ಲ.

ಕಿತ್ತು ತೆಗೆದ ಕೆಪ್ಯಾಸಿಟರುಗಳನ್ನು ಒಂದು ಕಾಗದದಲ್ಲಿ ಕಟ್ಟಿಕೊಂಡು ಒಯ್ದಿದ್ದೆ. ಬಿಚ್ಚಿ ಅವನ ಅಂಗೈ ಮೇಲೆ ಇಟ್ಟೆ. ಉಬ್ಬಿದ ತಲೆಯ ಮೇಲೆ ಹೆಬ್ಬೆರಳು ಆಡಿಸಿ, "ಇಷ್ಟ ಸಣ್ಣದಾ" ಎಂದ. ಚಳಿ, ಬಿಸಿ, ಹೇರ್ ಡ್ರೈಯರ್ ಎಲ್ಲ ಹೇಳಿದೆ. ಅವನು ತಲೆ ಅಲ್ಲಾಡಿಸುತ್ತ ಕೇಳಿದ, ಮೊದಲೇ ಗೊತ್ತಿದ್ದ ಕತೆಯನ್ನು ಕೇಳುವ ಹಾಗೆ.

"ನಾ ಹಿಂದ ಕೈ ಇಟ್ಟ ನೋಡ್ತಿದ್ದೆರಿ ಅಕ್ಕಾರ. ತಣ್ಣಗಿದ್ರ ಆಗ್ತಿದ್ದಿಲ್ಲ. ಒಂದೀಟ ಬೆಚ್ಚಗ ಆತಂದ್ರ ಆಗ್ತಿತ್ತು."

"ಮತ್ತ ಯಾಕ ಗಟ್ಟಿಯಾಗಿ ಹೇಳಲಿಲ್ಲೋ?"

"ಹೇಳಿದ್ನೆಲ್ರಿ."

ನನಗೆ ಮಾತು ಹೊರಡಲಿಲ್ಲ. ತಪ್ಪಾಯಿತು ಎಂದೆ. ಅದು ಆ ಕೋಣೆಯಲ್ಲಿ ಬಹಳ ಸಣ್ಣದಾಗಿ ಕೇಳಿಸಿತು. ಕಾಕಾ ಮತ್ತೆ ಕರೆದಿದ್ದಾರೆ ಎಂದೆ. ಅವನು ತಾಯಿಯ ಮುಖ ನೋಡಿ, "ಒಲ್ಲೆರಿ. ಇಲ್ಲೇ ಚಲೋ ಐತಿ" ಎಂದ. ಟೈಪಿಂಗ್ ಬರುವವನು ಪ್ಯಾಕಿಂಗಿನಲ್ಲಿ ಯಾಕಿದ್ದೀ, ಆಫೀಸಿನ ಕೆಲಸ ಕೇಳಬಾರದೇ ಎಂದೆ. ಕೇಳುವುದೇನು, ಅವರೇ ಕರೆದಿದ್ದರಂತೆ, ಬಿಲ್ಲಿಂಗಿನ ಕಂಪ್ಯೂಟರಿಗೆ. ಇವನು ಬೇಡವೆಂದಿದ್ದ.

"ಯಾಕ?"

"ಏನರ ಕೆಟ್ರ ಮತ್ತ ನನ್ನ ಮ್ಯಾಲ ಬರ್ತೈತ್ರಿ. ನನ್ನ ಕೈ..." ಎಂದು ಅರ್ಧಕ್ಕೆ ನಿಲ್ಲಿಸಿ ನಕ್ಕ.

ತೆಗೆದಿಟ್ಟ ರ್‍ಯಾಮ್ ಡ್ರಾವರಿನಲ್ಲಿ ಒಂದು ವರ್ಷ ಬಿದ್ದಿತ್ತು. ವಾಪಸ್ ಹಾಕಿದ ದಿನ ಮೊದಲಿನಂತೆಯೇ ಕೆಲಸ ಮಾಡಿತು. ಅದಕ್ಕೆ ಆ ವರ್ಷ ಏನೂ ಆಗಿರಲಿಲ್ಲ. ಇವನಿಗೆ ಆಗಿತ್ತು. ಕಾರಣ ಏನೆಂದು ನಮ್ಮೆಲ್ಲರಿಗಿಂತ ಮೊದಲು ತಿಳಿದಿದ್ದವನು ಅವನು, ಕೈ ಇಟ್ಟು ನೋಡಿ ತಿಳಿದವನು. ಆದರೂ ನಮ್ಮ ತೀರ್ಮಾನದ ಒಂದು ಚೂರು ಅವನೊಳಗೆ ಹೋಗಿ ಕೂತಿತ್ತು. ಕೆಪ್ಯಾಸಿಟರ್ ತೋರಿಸಿದರೆ ಅದು ಹೊರಗೆ ಬರುತ್ತದೆ ಎಂದು ನಾನು ಬಸ್ಸಿನಲ್ಲಿ ಅಂದುಕೊಂಡು ಹೋಗಿದ್ದೆ.

ಚಹಾ ಕುಡಿದು ಎದ್ದೆ. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಅಕ್ಕಾರ ಎಂದು ಕರೆದ. ಲಕೋಟೆಯಿಂದ ಇನ್ನೂರು ರೂಪಾಯಿ ತೆಗೆದು ಹಿಡಿದಿದ್ದ.

"ಇದ ಕಾಕಾಗ ಕೊಡ್ರಿ. ಆ ದೀಪಾವಳಿಗೆ ಅಡ್ವಾನ್ಸ್ ತಗೊಂಡಿದ್ದೆ, ಹಿಡಿಯ್ದು ಮರ್ತಿದ್ರು."

ಬೇಡ ಇಟ್ಟುಕೋ ಎನ್ನಲು ಬಾಯಿ ತೆರೆದೆ. ಅವನ ಮುಖ ನೋಡಿ ತೆಗೆದುಕೊಂಡೆ. ಚೀಲದಲ್ಲಿ ಆ ನೋಟ್‌ಬುಕ್ ಇತ್ತು. ಅಲ್ಲೇ ಮೆಟ್ಟಿಲ ಮೇಲೆ ನಿಂತು, ಕೊನೆಯ ಪುಟದಲ್ಲಿ ದಿನಾಂಕ ಹಾಕಿ, ಅವನು ನೋಡುತ್ತಿರುವಂತೆಯೇ 200 ಜಮಾ ಎಂದು ಬರೆದೆ. ಅವನು ಬಗ್ಗಿ ಓದಿ, "ಟೈಮೂ ಹಾಕ್ರಿ" ಎಂದ.